ಮೊಳೆ ಚುಚ್ಚಿದ ಮೇಲೆ
ಕಳೆದ ವಾರ ಮೊಳೆಯೊಂದು ಚಪ್ಪಲಿ ತೂರಿ ಅಂಗಾಲಿಗೆ ಚುಚ್ಚಿತು. ಧನುರ್ವಾಯು ಬರದಂತೆ ಕೊಡೋ ಟಿಟಿ ಇಂಜೆಕ್ಷನ್ ಹಿಂದೆ ಯಾವಾಗ ತಗೊಂಡಿದ್ದೆ ಅಂತ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅದರ ರಕ್ಷಣೆ ರಕ್ತದಲ್ಲಿ ಇನ್ನೂ ಎಷ್ಟಿದೆ ಅಂತ ಆಂಟಿಬಾಡಿ ಪರೀಕ್ಷೆ ಮಾಡಿಸಿ ನೋಡೋಣವಾ ಅಂದೆ. ರಕ್ತ ಬೇಕಾದರೆ ಈಗಲೇ ಕೊಡಿ, ಆದರೆ ರಿಪೋರ್ಟ್ ಬರೋವರೆಗೂ ಸುಮ್ನೆ ಕಾಯೋದು ಬೇಡ ಅಂತ ಡಾಕ್ಟರು ಗಾಯ ತೊಳೆದು ಇಂಜೆಕ್ಷನ್ ಕೊಟ್ಟೇಬಿಟ್ಟರು.

ಇವತ್ತು ರಿಪೋರ್ಟ್ ಬಂತು. 0.04. ಎಲೈಸಾ ಅನ್ನೋ ಈ ರಕ್ತಪರೀಕ್ಷೆಯಲ್ಲಿ ಆಂಟಿಬಾಡಿ ಸಾಮಾನ್ಯವಾಗಿ ಮಿಲಿಲೀಟರಿಗೆ 0.1 ಯೂನಿಟ್ ಆದರೂ ಇರಬೇಕು. ಎದೆ ಧಸಕ್ಕೆಂದಿತು. ಧನುರ್ವಾಯು ಒಮ್ಮೆ ಬಂದು ವಾಸಿಯಾದವರಿಗೂ ಲಸಿಕೆ ಬೇಕೇ ಬೇಕು, ಯಾಕೆಂದರೆ ಅದರ ರೋಗಾಣು ಬಿಡುವ ವಿಷ ಜೀವ ತೆಗೆಯೋಕೆ ಸಾಕಾದರೂ, ದೇಹಕ್ಕೆ ಗುರುತು ಹಿಡಿದು ನೆನಪಿಟ್ಟುಕೊಳ್ಳೋಕೂ ಸಾಲದಷ್ಟು ಕಡಿಮೆ! 10 ವರ್ಷಕ್ಕೊಮ್ಮೆ ಬೂಸ್ಟರ್ ಅನ್ನೋದನ್ನ ನಾವು ದೊಡ್ಡವರೇ ಮರೀತೀವಿ ಅಲ್ವಾ. ಅಪ್ಪ ಅಮ್ಮ ಯಾವಾಗ ತಗೊಂಡಿದ್ದರು ಅಂತ ಇವತ್ತೇ ಕೇಳಬೇಕು.