ದುಡುಕಿನ ಜೀನ್ ರಿಪೋರ್ಟ್ ಪಕ್ಕಕ್ಕಿಡಿ, ಚಿಕ್ಕಪ್ಪನ ಕಥೆ ಹೇಳಿ

ಬೆಂಗಳೂರಿನಲ್ಲಿ ಈಗ ಒಂದು ಟ್ಯೂಬಿಗೆ ಎಂಜಲು ಉಗುಳಿ ಕೊರಿಯರ್ ಮಾಡಿದರೆ ಸಾಕು, ಬಣ್ಣಬಣ್ಣದ ಜೀನ್ ರಿಪೋರ್ಟ್ ಫೋನಿಗೇ ಬರುತ್ತದೆ. ಕೂದಲು ಉದುರುತ್ತದೋ ಇಲ್ಲವೋ, ಕಾಫಿ ಒಗ್ಗುತ್ತದೋ ಇಲ್ಲವೋ ಎನ್ನುವುದರ ಜೊತೆಗೆ ‘ಇಂಪಲ್ಸಿವಿಟಿ: ಹೆಚ್ಚು’, ಅಂದರೆ ದುಡುಕು ಹೆಚ್ಚು, ಎಂಬ ಸಾಲೂ ಅದರಲ್ಲಿ ಇರಬಹುದು. ಮನೆಯಲ್ಲಿ ಬೈಪೋಲಾರ್ (ಒಮ್ಮೆ ಮೇನಿಯಾ ಎಂಬ ಅತಿ ಉತ್ಸಾಹ, ಇನ್ನೊಮ್ಮೆ ಖಿನ್ನತೆ ಬರುವ ಮಾನಸಿಕ ಕಾಯಿಲೆ) ಇರುವವರು ಆ ಸಾಲು ನೋಡಿ ಕಂಗಾಲಾಗುತ್ತಾರೆ. ಮಗ ನಾಲ್ಕೇ ದಿನದಲ್ಲಿ ಸೈಟು ಮಾರಲು ಅಡ್ವಾನ್ಸ್ ತೆಗೆದುಕೊಂಡುಬಿಟ್ಟಿದ್ದಾನೆ, ಅವನ ಚಿಕ್ಕಪ್ಪನೂ ಒಂದು ಕಾಲದಲ್ಲಿ ಹೀಗೇ ಜಮೀನು ಕಳೆದಿದ್ದರು, ರಿಪೋರ್ಟಿನಲ್ಲೂ ಹಾಗೇ ಬಂದಿದೆ. ಅಂದಮೇಲೆ ಇದು ರಕ್ತದಲ್ಲೇ ಬಂದದ್ದಲ್ಲವೇ? ಇದರಲ್ಲಿ ಚಿಕ್ಕಪ್ಪನ ವಿಷಯ ಬಹಳ ಉಪಯೋಗದ್ದು. ರಿಪೋರ್ಟಿನ ಸಾಲನ್ನು ಬಿಸಾಕಬಹುದು.

ಇಲ್ಲಿ ವಂಶದಿಂದ ಬರುವುದು ಒಂದಲ್ಲ, ಎರಡು. ಬೈಪೋಲಾರ್ ಕಾಯಿಲೆಗೆ ಒಳಗಾಗುವ ಒಲವು ಒಂದು, ದುಡುಕಿನ ಸ್ವಭಾವ ಇನ್ನೊಂದು. ಅವಳಿಗಳ ಅಧ್ಯಯನಗಳ ಪ್ರಕಾರ ಮೊದಲನೆಯದರಲ್ಲಿ ವಂಶವಾಹಿಯ ಪಾಲು ಸುಮಾರು ಶೇ 60ರಿಂದ 85, ಎರಡನೆಯದರಲ್ಲಿ ಸುಮಾರು ಶೇ 50. ಈ ಅಂಕಿ ಕೇಳಿದೊಡನೆ ತಂದೆ ತಾಯಿ ಹೆದರುತ್ತಾರೆ, ‘ಮಗುವಿಗೆ ಶೇ 80 ಬಂದೇಬರುತ್ತೆ’ ಅಂದುಕೊಳ್ಳುತ್ತಾರೆ. ಲೆಕ್ಕ ಹಾಗಲ್ಲ. ಒಂದು ಜನಸಮುದಾಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಜೀನ್‌ಗಳದ್ದು ಎಂಬುದಷ್ಟೇ ಆ ಅಂಕಿ. ತಂದೆ ಅಥವಾ ತಾಯಿಗೆ ಬೈಪೋಲಾರ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸಾಮಾನ್ಯವಾಗಿ ಶೇ 5ರಿಂದ 10. ಯಾರಿಗೂ ಇಲ್ಲದ ಮನೆಯಲ್ಲಿ ಅದು ಶೇ 1ರ ಆಸುಪಾಸು. ಜೀನ್‌ಗಳೆಲ್ಲ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲೂ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವುದು ಶೇ 40ರಿಂದ 70ರಷ್ಟು ಸಲ ಮಾತ್ರ.

ಹಾಗಾದರೆ ಜೀನ್ ಮಾಡುವುದೇನು? ಬೈಪೋಲಾರ್ ವಿಷಯದಲ್ಲಿ ಅತಿ ಹೆಚ್ಚು ಹೆಸರು ಕೇಳಿಬರುವ ಸಿಎಸಿಎನ್‌ಎ1ಸಿ ಎಂಬ ಜೀನನ್ನೇ ನೋಡಿ. ನರಕೋಶದೊಳಗೆ ಕ್ಯಾಲ್ಸಿಯಂ ಬಿಡುವ ಬಾಗಿಲಿನ ಮುಖ್ಯ ಭಾಗವನ್ನು ತಯಾರಿಸುವ ಜೀನ್ ಅದು. 2008ರಿಂದ ಒಂದಾದ ಮೇಲೊಂದು ಅಧ್ಯಯನದಲ್ಲಿ ನಿಂತುಕೊಂಡು ಬಂದಿದೆ, ಆ ಮಟ್ಟಿಗೆ ಗಟ್ಟಿ. ಆದರೆ ಅದರ ‘ಅಪಾಯದ’ ರೂಪ ಒಂದು ಪ್ರತಿ ಇದ್ದರೆ ಕಾಯಿಲೆಯ ಸಾಧ್ಯತೆ ಹೆಚ್ಚುವುದು ಸುಮಾರು 1.15 ಪಟ್ಟು. ಶೇ 1 ಇದ್ದದ್ದು ಶೇ 1.15 ಆಗುತ್ತದೆ. ಎರಡೂ ಪ್ರತಿ ಇದ್ದರೆ ಶೇ 1.3. ಇದನ್ನು ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿ ಮಾರುವುದು ವ್ಯಾಪಾರ, ವೈದ್ಯಕೀಯವಲ್ಲ. 2025ರ ಜನವರಿಯಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 1,58,036 ರೋಗಿಗಳನ್ನು ನೋಡಿ, ಬೈಪೋಲಾರ್‌ಗೆ ಸಂಬಂಧಿಸಿದ 298 ಜಾಗಗಳನ್ನು ಜೀನೋಮಿನಲ್ಲಿ, ಅಂದರೆ ಮನುಷ್ಯನ ಪೂರ್ತಿ ಡಿಎನ್‌ಎಯಲ್ಲಿ, ಗುರುತಿಸಿದರು. ಒಂದೊಂದರ ಪ್ರಭಾವವೂ ಇಷ್ಟಿಷ್ಟೇ.

ದುಡುಕಿನ ಜೀನ್‌ಗಳ ಕಥೆ ಇನ್ನೂ ಗೋಜಲು. ಹಳೆಯ ಅಧ್ಯಯನಗಳು ಹಿಡಿದದ್ದು ಡೋಪಮೈನ್, ಸೆರಟೋನಿನ್ ಎಂಬ ಮಿದುಳಿನ ಸಂದೇಶವಾಹಕ ರಾಸಾಯನಿಕಗಳ ಸುತ್ತಲಿನ ಕೆಲವೇ ಜೀನ್‌ಗಳನ್ನು. ಡೋಪಮೈನ್ ಒಡೆಯುವ ಕಿಣ್ವದ ಸಿಒಎಂಟಿ, ಡೋಪಮೈನ್ ಗ್ರಾಹಕದ ಡಿಆರ್‌ಡಿ4, ಸೆರಟೋನಿನ್ ಸಾಗಿಸುವ ಪ್ರೋಟೀನಿನ ಜೀನ್. ಊಹೆ ಚೆನ್ನಾಗಿತ್ತು. ಮುಂಭಾಗದ ಮಿದುಳಿನಲ್ಲಿ ಡೋಪಮೈನ್ ಹದ ತಪ್ಪಿದರೆ ತಡೆಯುವ ಶಕ್ತಿ ಕುಗ್ಗಬೇಕಲ್ಲ. ಆದರೆ ನೂರಿನ್ನೂರು ಜನರನ್ನು ಇಟ್ಟುಕೊಂಡು 1.1 ಪಟ್ಟಿನ ಪ್ರಭಾವ ಕಾಣುವುದಿಲ್ಲ. ಕಂಡಂತಾದರೆ ಅದು ಬಹುಪಾಲು ಆಕಸ್ಮಿಕ. ಒಂದು ಅಧ್ಯಯನ ಹೌದು ಎಂದದ್ದನ್ನು ಮುಂದಿನದು ಅಲ್ಲ ಎಂದಿತು. ಎಂಜಲು ಕಿಟ್‌ಗಳ ರಿಪೋರ್ಟಿನಲ್ಲಿ ಈಗಲೂ ಕೂತಿರುವುದು ಹೆಚ್ಚಾಗಿ ಇದೇ ಹಳೆಯ ಹೆಸರುಗಳು. ಜೀನೋಮ್ ಪೂರ್ತಿ ಜಾಲಾಡಿದ ದೊಡ್ಡ ಅಧ್ಯಯನಗಳಲ್ಲಿ ದುಡುಕು, ಅಪಾಯಕ್ಕೆ ಕೈಹಾಕುವುದು, ಮಾದಕ ವಸ್ತು ಬಳಕೆ ಇವುಗಳ ಜೊತೆ ಮತ್ತೆ ಮತ್ತೆ ಕಾಣಿಸಿಕೊಂಡದ್ದು ಸಿಎಡಿಎಂ2. ನರಕೋಶಗಳು ಒಂದಕ್ಕೊಂದು ಅಂಟಿಕೊಳ್ಳಲು ಬೇಕಾದ ಪ್ರೋಟೀನಿನ ಜೀನ್ ಅದು. ಮೊದಲು ಅದರ ಮೇಲೆ ಯಾರಿಗೂ ಕಣ್ಣಿರಲಿಲ್ಲ.

ನಮ್ಮ ಕಡೆ ಈ ಅಧ್ಯಯನ ಮಾಡುವಾಗ ಇನ್ನೊಂದು ಗುಂಡಿ ಇದೆ. ಜಾತಿಯೊಳಗೇ ಮದುವೆ ಶತಮಾನಗಳಿಂದ ನಡೆದಿರುವುದರಿಂದ ಒಂದೊಂದು ಸಮುದಾಯದಲ್ಲಿ ಒಂದೊಂದು ಜೀನ್ ರೂಪ ಹೆಚ್ಚು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕೋಲಾರ, ಅನಂತಪುರ, ಕೊಲ್ಕತ್ತ ಎಲ್ಲ ಕಡೆಯಿಂದ ರೋಗಿಗಳು ಬರುತ್ತಾರೆ. ಹೋಲಿಕೆಗೆ ಆರೋಗ್ಯವಂತರು ಬೇಕಲ್ಲ, ಸುಲಭಕ್ಕೆ ಸಿಕ್ಕ ಕಾಲೇಜು ಹುಡುಗರ ರಕ್ತ ತೆಗೆದರೆ ಸಮುದಾಯದ ವ್ಯತ್ಯಾಸವೇ ಕಾಯಿಲೆಯ ವ್ಯತ್ಯಾಸದ ವೇಷ ಹಾಕಿಕೊಂಡು ಕಾಣುತ್ತದೆ. ಇದಕ್ಕೆ ಮದ್ದು, ಒಂದೇ ಮನೆತನದಲ್ಲಿ ಕಾಯಿಲೆ ಇರುವವರನ್ನೂ ಇಲ್ಲದವರನ್ನೂ ಜೊತೆಗಿಟ್ಟು ನೋಡುವುದು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಾದ ಎನ್‌ಸಿಬಿಎಸ್ ಸೇರಿ ಒಂದಕ್ಕಿಂತ ಹೆಚ್ಚು ಜನರಿಗೆ ಗಂಭೀರ ಮಾನಸಿಕ ಕಾಯಿಲೆ ಇರುವ ಕುಟುಂಬಗಳ ಅಧ್ಯಯನ ನಡೆಸುತ್ತಿರುವುದಕ್ಕೆ ಬೆಲೆ ಇರುವುದು ಅದಕ್ಕೇ. ಜಗತ್ತೆಲ್ಲ ಬಳಸುವ ‘1000 ಜೀನೋಮ್ಸ್’ ಸಂಗ್ರಹದಲ್ಲಿ ಭಾರತ ಉಪಖಂಡದ ಐದು ಗುಂಪುಗಳಿವೆ: ಗುಜರಾತಿ, ಪಂಜಾಬಿ, ಬಂಗಾಳಿ, ತೆಲುಗು, ಶ್ರೀಲಂಕಾದ ತಮಿಳರು. ಕನ್ನಡಿಗರ ಗುಂಪಿಲ್ಲ. ಯುರೋಪಿನವರ ಮೇಲೆ ತಯಾರಾದ ರಿಸ್ಕ್ ಸ್ಕೋರು (ಸಣ್ಣ ಸಣ್ಣ ಜೀನ್ ಪ್ರಭಾವಗಳನ್ನು ಕೂಡಿ ಹಾಕುವ ಅಪಾಯದ ಅಂಕ) ಮಂಡ್ಯದವರ ಮೇಲೆ ಹೇಗೆ ನಿಲ್ಲುತ್ತದೆ, ಹೇಳಿ. 10 ಸಾವಿರ ಭಾರತೀಯರ ‘ಜೀನೋಮ್ ಇಂಡಿಯಾ’ ದತ್ತಾಂಶ 2025ರಲ್ಲಿ ಹೊರಬಂದಿದೆ, ಇನ್ನು ಮುಂದೆ ಸ್ವಲ್ಪ ಸುಧಾರಿಸಬೇಕು.

ಜೀನಿಗಿಂತ ಮೊದಲು ದುಡುಕನ್ನೇ ಸರಿಯಾಗಿ ಅಳೆಯಬೇಕು, ಎಡವುವುದು ಅಲ್ಲೇ ಹೆಚ್ಚು. ಸಾಮಾನ್ಯವಾಗಿ ಬಳಸುವುದು ಬ್ಯಾರಟ್ ಸ್ಕೇಲ್. 30 ಪ್ರಶ್ನೆ, ಒಂದೊಂದಕ್ಕೆ 1ರಿಂದ 4 ಅಂಕ, ಒಟ್ಟು 30ರಿಂದ 120. ಅದರೊಳಗೆ ಮೂರು ಬಗೆ: ಗಮನ ನಿಲ್ಲದಿರುವುದು, ಯೋಚಿಸುವ ಮುಂಚೆ ಕೈ ಕಾಲು ಆಡಿಸಿಬಿಡುವುದು, ಮುಂದಾಲೋಚನೆ ಇಲ್ಲದಿರುವುದು. ಮೇನಿಯಾ ಏರಿದಾಗ ಎರಡನೆಯದು ಏರುತ್ತದೆ, ಖಿನ್ನತೆಯಲ್ಲಿ ಮೂರನೆಯದು, ಮೊದಲನೆಯದು ಎರಡರಲ್ಲೂ. ಆದ್ದರಿಂದ ವಾರ್ಡಿನಲ್ಲಿ ಮೇನಿಯಾ ಇರುವಾಗ ಸ್ಕೇಲ್ ತುಂಬಿಸಿದರೆ ನೀವು ಅಳೆದದ್ದು ಆ ವಾರದ ಕಾಯಿಲೆಯನ್ನು, ಸ್ವಭಾವವನ್ನಲ್ಲ. ಮೂಡ್ ಸಮವಾಗಿ ಕೆಲವು ವಾರ ಕಳೆದ ಮೇಲೆ ತುಂಬಿಸಬೇಕು. ಆಗಲೂ ಬೈಪೋಲಾರ್ ಇರುವವರ ಅಂಕ ಸರಾಸರಿಯಲ್ಲಿ ಇತರರಿಗಿಂತ ಹೆಚ್ಚೇ ಇರುತ್ತದೆ; ವಂಶದ ಪಾಲನ್ನು ಹುಡುಕಬೇಕಾದ್ದು ಆ ಉಳಿದ ಅಂಶದಲ್ಲಿ. ಕುಡಿತ ಇದ್ದರೆ ಅದನ್ನು ಬೇರೆಯಾಗಿ ಬರೆದುಕೊಳ್ಳಬೇಕು, ಕುಡಿತವೇ ಅಂಕ ಏರಿಸುತ್ತದೆ. ಚಿಕ್ಕಂದಿನಿಂದ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇತ್ತೇ ಎಂದು ಶಾಲೆಯ ದಿನಗಳ ಬಗ್ಗೆ ಕೇಳಬೇಕು. ಬೈಪೋಲಾರ್‌ಗೂ ಅದಕ್ಕೂ ಜೀನ್ ಮಟ್ಟದಲ್ಲಿ ಸ್ವಲ್ಪ ನಂಟಿದೆ.

ಈಗ ಚಿಕ್ಕಪ್ಪನ ವಿಷಯ. ಇವತ್ತಿನ ಮಟ್ಟಿಗೆ ಅತ್ಯುತ್ತಮ ಜೀನ್ ಪರೀಕ್ಷೆ ಎಂದರೆ ಒಂದು ಹಾಳೆ, ಒಂದು ಪೆನ್ನು, ಮನೆಯ ಹಿರಿಯರೊಬ್ಬರು. ಮೂರು ತಲೆಮಾರು ಬರೆಯಿರಿ: ಗಂಡಸಿಗೆ ಚೌಕ, ಹೆಂಗಸಿಗೆ ಸುತ್ತು, ಕಾಯಿಲೆ ಇದ್ದವರಿಗೆ ಮಸಿ ತುಂಬಿ, ತೀರಿಕೊಂಡವರಿಗೆ ಅಡ್ಡಗೀಟು. ‘ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಇದೆಯಾ’ ಎಂದು ಕೇಳಿದರೆ ‘ಇಲ್ಲ’ ಅಂತಲೇ ಉತ್ತರ. ಆ ಕಾಲದಲ್ಲಿ ಆ ಹೆಸರು ಇಟ್ಟವರು ಯಾರು? ನಡೆದದ್ದನ್ನು ಕೇಳಬೇಕು.

“ಅಜ್ಜಿ, ಚಿಕ್ಕಪ್ಪ ಜಮೀನು ಮಾರಿದ್ರಲ್ಲ, ಆಗ ರಾತ್ರಿ ನಿದ್ದೆ ಮಾಡ್ತಿದ್ರಾ?”

“ಎಲ್ಲಿ ನಿದ್ದೆ! ರಾತ್ರಿ ಎರಡಕ್ಕೆ ಲಾಟೀನು ಹಿಡ್ಕೊಂಡು ಬಾವಿ ತೋಡಿಸೋಕೆ ಆಳು ಕರೀತಿದ್ದ. ಆಮೇಲೆ ಮೂರು ತಿಂಗಳು ಮೂಲೇಲಿ ಮುಸುಕು ಹಾಕ್ಕೊಂಡ.”

ಇಷ್ಟು ಸಿಕ್ಕರೆ ಯಾವ ಎಂಜಲು ಕಿಟ್ಟೂ ಕೊಡದ ಮಾಹಿತಿ ಸಿಕ್ಕಿತು. ಸಾಲ, ಜೂಜು, ಹೇಳದೆ ಊರು ಬಿಟ್ಟದ್ದು, ಬಾವಿಗೆ ಬಿದ್ದದ್ದು, ಕ್ರಿಮಿನಾಶಕ ಕುಡಿದದ್ದು ಎಲ್ಲವನ್ನೂ ಇಂತಿಷ್ಟು ವಯಸ್ಸಿನಲ್ಲಿ ಎಂದು ಬರೆದುಕೊಳ್ಳಿ. ಬರೀ ಖರ್ಚಾಳಿ ಬೇರೆ, ನಿದ್ದೆ ಬೇಡವಾದ ವಾರಗಳಲ್ಲಿ ಮಾತ್ರ ಖರ್ಚು ಮಾಡಿದವರು ಬೇರೆ.

ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗಿದ್ದರೆ ಎರಡು ಗೀಟು ಎಳೆದು ಗುರುತಿಸಿ. ಅಂಥ ಮದುವೆಯಲ್ಲಿ ಹುಟ್ಟಿದ ಮಗುವಿಗೆ ಒಂದೇ ಹಿರಿಯರ ಜೀನ್ ಎರಡೂ ಕಡೆಯಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು, ಅತ್ತೆಮಗ-ಮಾವನ ಮಗಳಾದರೆ ಹದಿನಾರರಲ್ಲಿ ಒಂದು. ಬೈಪೋಲಾರ್ ನೂರಾರು ಸಣ್ಣ ಪ್ರಭಾವಗಳ ಮೊತ್ತವಾದ್ದರಿಂದ ಸೋದರ ಸಂಬಂಧವೊಂದೇ ಅದನ್ನು ತರುವುದಿಲ್ಲ. ಆದರೆ ಕಾಯಿಲೆ ಇರುವ ಮನೆತನದಿಂದಲೇ ತಂದೆ ತಾಯಿ ಇಬ್ಬರೂ ಬಂದಿದ್ದರೆ ಹೊರೆ ಎರಡೂ ಕಡೆಯಿಂದ ಕೂಡುತ್ತದೆ.

ಹಾಳೆಯ ಮೇಲೆ ಕೊನೆಯದಾಗಿ ಬರೆಯಬೇಕಾದ್ದು, ಬಂಧುಗಳಲ್ಲಿ ಯಾರಿಗೆ ಯಾವ ಮಾತ್ರೆ ಹಿಡಿಸಿತು ಎಂಬುದು. ಲಿಥಿಯಂಗೆ ಚೆನ್ನಾಗಿ ಸ್ಪಂದಿಸುವುದು ಕುಟುಂಬಗಳಲ್ಲಿ ಒಟ್ಟಿಗೆ ಕಾಣುವ ಗುಣ, ದೊಡ್ಡಮ್ಮನಿಗೆ ಅದು ಕೆಲಸ ಮಾಡಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಆತ್ಮಹತ್ಯೆಯ ಅಪಾಯ ಇಳಿಸುವುದರಲ್ಲಿ ಬೈಪೋಲಾರ್ ಔಷಧಿಗಳ ಪೈಕಿ ಅತಿ ಹೆಚ್ಚು ಆಧಾರ ಇರುವುದೂ ಲಿಥಿಯಂಗೇ. ರಕ್ತದಲ್ಲಿ ಅದರ ಮಟ್ಟ ನೋಡುವುದು ಕೊನೆಯ ಡೋಸ್ ಆಗಿ 12 ಗಂಟೆಗೆ. ಬೆಳಿಗ್ಗೆ ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ ಸುಳ್ಳು ಅಂಕಿ ಬರುತ್ತದೆ. ಬೆನ್ನುನೋವಿಗೆಂದು ಮೆಡಿಕಲ್ ಶಾಪಿನ ಡೈಕ್ಲೋಫಿನಾಕ್ ತಗೊಂಡರೆ ಲಿಥಿಯಂ ಮಟ್ಟ ಏರಿ ವಿಷವಾಗಬಹುದು. ನಿಜವಾಗಿ ಕೇಳಬೇಕಾದ ಜೀನ್ ಪರೀಕ್ಷೆಯೂ ಒಂದಿದೆ: ಮೂಡ್ ಸಮ ಮಾಡಲು ಕೊಡುವ ಕಾರ್ಬಮಜೆಪೀನ್ ಶುರುಮಾಡುವ ಮುಂಚೆ ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ರೂಪ ಇದೆಯೇ ಎಂದು ನೋಡುವುದು. ಅದು ಇದ್ದವರಿಗೆ ಚರ್ಮ ಸುಲಿದುಬರುವ ಮಾರಣಾಂತಿಕ ಪ್ರತಿಕ್ರಿಯೆಯ ಅಪಾಯ ಹೆಚ್ಚು, ಭಾರತೀಯರಲ್ಲೂ ಕೆಲವರಲ್ಲಿ ಅದಿದೆ.

ವಂಶದ ಒಲವನ್ನು ಬದಲಿಸಲಾಗದು, ದುಡುಕಿಗೂ ಕೈಗೂ ನಡುವಿನ ದೂರವನ್ನು ಹೆಚ್ಚಿಸಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಕಾರ್ಡಿನ ಆನ್‌ಲೈನ್ ಬಳಕೆಯನ್ನು ಬ್ಯಾಂಕ್ ಆ್ಯಪಿನಲ್ಲೇ ಆಫ್ ಮಾಡಬಹುದು, ಮಿತಿ ಇಳಿಸಬಹುದು. ಆದರೆ ಅದೇ ಫೋನಿನಲ್ಲಿ ಎರಡು ನಿಮಿಷಕ್ಕೆ ಮತ್ತೆ ಏರಿಸಲೂಬಹುದು. ಆದ್ದರಿಂದ ದೊಡ್ಡ ಮೊತ್ತದ ಖಾತೆಯನ್ನು ಫೋನಿಗೆ ಜೋಡಿಸದೆ, ಯುಪಿಐಗೆ ಸಣ್ಣ ಖಾತೆಯೊಂದನ್ನೇ ಬಿಡುವುದು ಮೇಲು. ಸೈಟಿನ ಮೂಲ ಪತ್ರಗಳು ಜಂಟಿ ಲಾಕರಿನಲ್ಲಿರಲಿ, ಯಾರ ಹೆಸರಿಗೂ ಜಿಪಿಎ (ತನ್ನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಟ್ಟಿರಬಾರದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಚಿಕಿತ್ಸೆ ಹೇಗಿರಬೇಕು, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಮೊದಲೇ ಬರೆದಿಡಬಹುದು. ಹಣಕಾಸಿಗೆ ಅದು ಅನ್ವಯಿಸುವುದಿಲ್ಲ, ಎಷ್ಟೋ ಮನೆಯವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಈ ಏರ್ಪಾಡೆಲ್ಲ ಮೂಡ್ ಸಮವಾಗಿರುವಾಗ, ಅವರ ಒಪ್ಪಿಗೆಯಿಂದಲೇ ಆಗಬೇಕು. ಕದ್ದುಮುಚ್ಚಿ ಮಾಡಿದರೆ ಮೇನಿಯಾ ಬಂದಾಗ ಮೊದಲ ಜಗಳ ಅದರ ಮೇಲೇ.

ಎರಡು ರಾತ್ರಿ ಮೂರು-ನಾಲ್ಕು ಗಂಟೆ ಮಾತ್ರ ಮಲಗಿಯೂ ಸುಸ್ತಿಲ್ಲದೆ ಓಡಾಡುತ್ತಿದ್ದರೆ ಮೂರನೆಯ ರಾತ್ರಿಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.