ಚಾ ಖರ್ಚಿನ ಲೆಕ್ಕಕ್ಕೆ

ಮೊನ್ನೆ ಸಂಜೆ ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗಿ ಗೇಟು ಹಿಡಿದು ನೇತಾಡುತ್ತಾ ಕೇಳಿದಳು: "ಮಾಮ, ನೀವು ಮಲಯಾಳ ಕಲಿತದ್ದು ಯಾವ ಶಾಲೆಯಲ್ಲಿ?" ಮೀನಿನವನ ಜೊತೆ ನಾನು ಚೌಕಾಸಿ ಮಾಡಿದ್ದು ಅವಳ ಕಿವಿಗೆ ಬಿದ್ದಿತ್ತು. ಶಾಲೆಗೆ ಹೋಗಿ ಕಲಿತಿಲ್ಲ ಅಂದೆ. "ಮತ್ತೆ ಹೇಳಿಕೊಟ್ಟದ್ದು ಯಾರು?"

ಉತ್ತರ ಹೊಳೆಯಲಿಲ್ಲ. ತುಮಕೂರು ಕಡೆಯವನು ನಾನು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೆ ಬಂದು ಆರು ವರ್ಷ. ಕೃಷಿ ಯಂತ್ರ ರಿಪೇರಿ ಅಂಗಡಿಯಲ್ಲಿ ಕೆಲಸ. ಮೊದಲು ಕಲಿತ ಮಾತು 'ಶರಿಯಾಕ್ಕಾಂ', ಅಂದ್ರೆ ಸರಿ ಮಾಡೋಣ. ನಮ್ಮ ಹಿರಿಯ ಮೆಕ್ಯಾನಿಕ್ ಹಾಗಂದ ಕೂಡಲೇ ಗಿರಾಕಿಯ ಸಿಟ್ಟು ಇಳಿಯುತ್ತಿತ್ತು. ನಾನೂ ಅನ್ನತೊಡಗಿದೆ, ರಿಪೇರಿ ಬಾರದಿದ್ದಾಗಲೂ!

ಹುಡುಗಿ ಕೇಳಿದ ಹೊತ್ತಿಗೇ ಅಂಗಡಿಯಲ್ಲಿ ಒಂದು ಜಗಳ ನಡೆದಿತ್ತು. ಹೊಸದಾಗಿ ಸೇರಿದ ಇಬ್ಬರು ಹುಡುಗರಿಗೆ ತರಬೇತಿಯ ವಿಡಿಯೋ ಸಾಕು ಅಂತ ಎಲ್ಲರ ಮಾತು. ವಾರಕ್ಕೆ ಅರ್ಧ ಗಂಟೆ ಒಟ್ಟಿಗೆ ಕೂತು, ತಲೆ ಕೆಡಿಸಿದ ರಿಪೇರಿಗಳನ್ನ ಮಾತಾಡೋಣ ಅಂತ ನಾನು. ಲೆಕ್ಕ ಬರೆಯುವ ಭಟ್ರು ನಕ್ಕರು. "ಪಟ್ಟಾಂಗ ಹೊಡೀಲಿಕ್ಕೂ ಸಂಬಳವಾ ಮಾರಾಯ್ರೆ?"

ಜೂಲಿಯನ್ ಓರ್ ಅನ್ನೋ ಮಾನವಶಾಸ್ತ್ರಜ್ಞ 1980ರ ದಶಕದಲ್ಲಿ ಅಮೆರಿಕದಲ್ಲಿ ಜೆರಾಕ್ಸ್ ಮಷಿನ್ ರಿಪೇರಿಯವರ ಹಿಂದೆಯೇ ಸುತ್ತಿದ್ದ. ಕೈಪಿಡಿಯಲ್ಲಿ ಇಲ್ಲದ್ದನ್ನು ಅವರು ಊಟ ತಿಂಡಿ ಹೊತ್ತಲ್ಲಿ ಹೇಳಿಕೊಳ್ಳುವ ಕಥೆಗಳಿಂದ ಕಲಿಯುತ್ತಿದ್ದರು. ಇದನ್ನ ಹೇಳಿದೆ. "ಅದು ಅಮೆರಿಕ," ಅಂದರು ಭಟ್ರು.

ಸರಿ, ನಮ್ಮ ಅಂಗಡಿಯದ್ದೇ ಹೇಳ್ತೀನಿ ಅಂದೆ. ಮಳೆ ಹಿಡಿಯುವ ಮುಂಚೆ, ಅಡಿಕೆಗೆ ಮದ್ದು ಬಿಡುವ ಸಮಯ. ಸ್ಪ್ರೇಯರ್ ಒಂದರಲ್ಲಿ ಪ್ರೆಷರ್ ಏರ್ತಿರಲಿಲ್ಲ. ಹೊಸ ಹುಡುಗ ವಿಡಿಯೋದಲ್ಲಿ ನೋಡಿದಂತೆ ಪಂಪು ಪೂರ್ತಿ ಬಿಚ್ಚಿ, ಸೀಲು ಬದಲಿಸಿ, ಮಧ್ಯಾಹ್ನದವರೆಗೂ ಒದ್ದಾಡಿದ. ಹಿರಿಯರು ಬಂದರು. ಮೀಟರಿನ ಮುಳ್ಳು ನಡುಗೋದನ್ನ ಸುಮ್ನೆ ನೋಡಿದರು. ನೀರೆಳೆಯುವ ಪೈಪಿನ ಜಾಯಿಂಟಿಗೆ ಒದ್ದೆ ಬಟ್ಟೆ ಸುತ್ತಿ ಹಿಡಿದರು. ಮುಳ್ಳು ನಿಂತಿತು. ಗಾಳಿ ಎಳೀತಿತ್ತು, ಅಷ್ಟೇ. ಮುಳ್ಳು ನಡುಗಿದ್ರೆ ಮೊದಲು ಗಾಳಿ ಹುಡುಕಬೇಕು ಅಂತ ಆಮೇಲೆ ಹುಡುಗನಿಗೆ ಚಾ ಕುಡಿಯುತ್ತಾ ಹೇಳಿದರು.

ನಮ್ಮೂರಲ್ಲಿ ನಾನು ಕೆಲಸ ಕಲಿಯೋಕೆ ಸೇರಿದ ಗ್ಯಾರೇಜಿನ ಮೇಸ್ತ್ರಿ ಕಾರ್ಬುರೇಟರ್ ಟ್ಯೂನ್ ಮಾಡುವಾಗ ನನ್ನನ್ನು ಬೀಡಿ ತರೋಕೆ ಕಳಿಸುತ್ತಿದ್ದ. ಹೇಳಿಕೊಟ್ರೆ ನಾಳೆ ಎದುರಿಗೇ ಅಂಗಡಿ ಹಾಕ್ತಾನೆ ಅನ್ನೋ ಭಯ. ಎರಡು ವರ್ಷ ಬೀಡಿ ತಂದೆ. ಕಲಿತದ್ದು ಕಿಟಕಿ ಸಂದಿಯಿಂದ ಕದ್ದು ನೋಡಿ. ಊರ ಮೇಲೆ ಎಷ್ಟೇ ಪ್ರೀತಿ ಇದ್ರೂ ಇದೊಂದು ಮನಸ್ಸಿಂದ ಹೋಗಿಲ್ಲ.

ಭಟ್ರು ಬಗ್ಗಲಿಲ್ಲ. ಅವರಿಗೂ ಅಡಿಕೆ ತೋಟ ಇದೆ. "ಅಡಿಕೆಗೆ ಬಿಡುವ ಬೋರ್ಡೋ ಮದ್ದು ಬೆರೆಸೋದು ಹೇಗೆ ಕಲಿತಿರಿ?" ಅಂದೆ. "ಅದರಲ್ಲೆಂತ, ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕತ್ತಿ ಅದ್ದಿ ನೋಡುವುದು. ಕೆಂಪು ಹಿಡಿದ್ರೆ ಇನ್ನಷ್ಟು ಸುಣ್ಣ."

"ಎಷ್ಟು ಕೆಂಪು?"

ಭಟ್ರು ಕೈಯನ್ನು ಬೆಳಕಿಗೆ ಹಿಡಿದರು, ಕತ್ತಿ ಹಿಡಿದಂತೆಯೇ. "ಅದು... ಅಪ್ಪ ತೋರಿಸ್ತಿದ್ರು."

ಹುಡುಗಿಯ ಪ್ರಶ್ನೆ ನೆನಪಾಗಿ ನಗು ಬಂತು. ನಗಲಿಲ್ಲ. ಮುಂದಿನ ಶನಿವಾರದಿಂದ ಅರ್ಧ ಗಂಟೆ ಸಿಕ್ಕಿದೆ. ಸಂಬಳದ ಪುಸ್ತಕದಲ್ಲಿ ಬರೆಯೋಕೆ ಭಟ್ರು ಇನ್ನೂ ಒಪ್ಪಿಲ್ಲ. ಚಾ ಖರ್ಚು ಅಂತ ಬರ್ಕೊಂಡಿದ್ದಾರೆ.