16 ಕೆಜಿ ಕಲ್ಲು

ಮೊನ್ನೆ ಮಾಳಮಡ್ಡಿಯ ಗಿರಣಿಗೆ ಜೋಳ ಬೀಸಿಸಲು ಹೋಗಿದ್ದೆ. ಚೀಲ ತೂಗಿದರೆ ಸರಿಯಾಗಿ 16 ಕೆಜಿ. ಆ ತೂಕ ಕಂಡ ಕೂಡಲೇ ದಕ್ಷಿಣ ಧ್ರುವಕ್ಕೆ ಹೋಗಿದ್ದ ಬ್ರಿಟಿಷ್ ತಂಡದ ನಾಯಕ ಸ್ಕಾಟ್ ನೆನಪಾದ. ಬೀಸಿದ ಹಿಟ್ಟು ಹೆಗಲ ಮೇಲೆ ಹೊತ್ತು ಮನೆ ಮುಟ್ಟುವಷ್ಟರಲ್ಲಿ ಎರಡು ಸಲ ಇಳಿಸಿದೆ. ಹಿಟ್ಟಿನ ಬಿಸಿ ಅಂಗಿ ದಾಟಿ ಬೆನ್ನಿಗೆ ತಾಗುತ್ತಿತ್ತು.

ಶಾಲೆಯಲ್ಲಿ ನಾವು ಓದಿದ್ದು ಇಷ್ಟೇ: ದಕ್ಷಿಣ ಧ್ರುವಕ್ಕೆ ಮೊದಲು ಹೋದವನು ನಾರ್ವೆಯ ಅಮುಂಡ್ಸೆನ್, 1911ರ ಡಿಸೆಂಬರ್ 14. ಸ್ಕಾಟ್ 1912ರ ಜನವರಿ 17ಕ್ಕೆ ಮುಟ್ಟಿದಾಗ ಅಲ್ಲಿ ನಾರ್ವೆಯ ಬಾವುಟ ಹಾರಾಡುತ್ತಿತ್ತು. ವಾಪಸ್ ಬರುವಾಗ ಸ್ಕಾಟ್ ಮತ್ತು ಜೊತೆಗಿದ್ದ ನಾಲ್ವರೂ ಸತ್ತರು.

ಆದರೆ ವಾಪಸ್ ಬರುವ ದಾರಿಯಲ್ಲೇ, ಫೆಬ್ರವರಿ 8ರಂದು, ಹಸಿದು ಸೋತಿದ್ದ ಆ ಐದು ಜನ ಬಿಯರ್ಡ್‌ಮೋರ್ ಹಿಮನದಿಯ ಪಕ್ಕದ ಬೆಟ್ಟದ ಬುಡದಲ್ಲಿ ನಿಂತು ಕಲ್ಲು ಆರಿಸಿದರು. ಕಲ್ಲಿದ್ದಲಿನ ಪದರಗಳಲ್ಲಿ ಎಲೆಗಳ ಗುರುತು ಇದ್ದವು, ನರನರವಾಗಿ, ನೆನೆದ ಅರಳಿ ಎಲೆ ಹಾಗೆ. ಜೊತೆಗಿದ್ದ ಡಾಕ್ಟರ್ ವಿಲ್ಸನ್ ಕೇಳಿಕೊಂಡಿದ್ದಕ್ಕೆ ಆ ಕಲ್ಲುಗಳನ್ನು ಕೊನೆತನಕ ಬಿಡಲಿಲ್ಲ. ಅದೇ ವರ್ಷ ನವೆಂಬರ್ 12ಕ್ಕೆ ಹುಡುಕುತ್ತಾ ಹೋದವರಿಗೆ ಡೇರೆ ಸಿಕ್ಕಿತು, ಒಳಗೆ ಕೊನೆತನಕ ಉಳಿದಿದ್ದ ಮೂವರ ಹೆಣ, ಹತ್ತಿರದ ಸ್ಲೆಜ್ಜಿನ (ಹಿಮದ ಮೇಲೆ ಎಳೆಯುವ ಜಾರುಬಂಡಿ) ಮೇಲೆ ಸುಮಾರು 16 ಕೆಜಿ ಕಲ್ಲು.

1914ರಲ್ಲಿ ಸೀವರ್ಡ್ ಎಂಬ ಸಸ್ಯ ವಿಜ್ಞಾನಿ ಆ ಎಲೆಯನ್ನು ಗುರುತಿಸಿದ. ಗ್ಲಾಸಾಪ್ಟೆರಿಸ್ ಇಂಡಿಕಾ! ನಮ್ಮ ದೇಶದ ಕಲ್ಲಿದ್ದಲು ಗಣಿಗಳಲ್ಲಿ ಸಿಗುವ ಅದೇ ಎಲೆ. ಅಂಟಾರ್ಕ್ಟಿಕಾದಲ್ಲೂ ಒಂದು ಕಾಲಕ್ಕೆ ಕಾಡಿತ್ತು, ಅದೂ ನಮ್ಮ ನೆಲವೂ ಒಂದಾಗಿದ್ದವು ಅನ್ನುವುದಕ್ಕೆ ದೊಡ್ಡ ಸಾಕ್ಷಿ ಅದು.

ಧ್ರುವ ಮುಟ್ಟುತ್ತೇವೆ ಅಂದಿದ್ದಕ್ಕೇ ಜನ ದುಡ್ಡು ಕೊಟ್ಟರು, ಶಾಲೆ ಮಕ್ಕಳು ಕೂಡ ಕುದುರೆ, ನಾಯಿಗಳಿಗೆ ಅಂತ ವಂತಿಗೆ ಕೂಡಿಸಿದರು. ಎಲೆ ಹುಡುಕಲು ಹೋಗುತ್ತೇವೆ ಅಂದಿದ್ದರೆ ಯಾರು ಕೊಡುತ್ತಿದ್ದರು? ಹಾಗಾಗಿ ಮೊದಲು ಧ್ರುವ ಮುಟ್ಟುವ ಆ ಓಟವನ್ನು ನಾನು ಹಳಿಯಲಾರೆ. ಆದರೆ ಪಾಠದಲ್ಲಿ ಓಟ ಮಾತ್ರ ಉಳಿದು ಕಲ್ಲು ಬಿಟ್ಟುಹೋಗಿದ್ದಕ್ಕೆ ನಿಜವಾಗಿ ಬೇಜಾರಾಗುತ್ತದೆ.

ಮಗಳಿಗೆ ಇದನ್ನೆಲ್ಲ ಹೇಳಿದೆ. "ಅಪ್ಪಾ, ಕಲ್ಲು ಬಿಟ್ಟು ಬಂದಿದ್ರ ಬದುಕ್ತಿದ್ರೇನು?" ಅಂದಳು. ಇಲ್ಲ ಅಂತಲೇ ನನಗನ್ನಿಸುತ್ತದೆ. ಅವರನ್ನು ಕೊಂದಿದ್ದು ಹಸಿವು, ಚಳಿ, ಸ್ಲೆಜ್ ಜಾರಗೊಡದ ಹಿಮ. ಆಮೇಲೆ ಅವಳು ಅಂಗಳದ ಬೇವಿನ ಎಲೆಯೊಂದನ್ನು ಹಸಿ ಮಣ್ಣಿಗೆ ಒತ್ತಿ, ಒಣಗಲಿ ಅಂತ ಕಟ್ಟೆ ಮೇಲೆ ಇಟ್ಟಳು.